ಟವೆಲ್ ಕೆಳಗಿನ ಕೈ

ಹಾವೇರಿಯ ದನದ ಸಂತೆಯಲ್ಲಿ ಎತ್ತಿನ ಬೆಲೆಯನ್ನು ಬಾಯಿಬಿಟ್ಟು ಹೇಳುವವನು ಒಂದೋ ಹೊಸಬ, ಇಲ್ಲವೇ ಮಳ್ಳ. ಬಲ್ಲವರು ಅಲ್ಲಿ ಕೈಯಲ್ಲಿ ಮಾತಾಡುತ್ತಾರೆ. ಮಾರುವವನ ಕಡೆಗೊಬ್ಬ ದಲಾಲಿ, ಕೊಳ್ಳುವವನ ಕಡೆಗೊಬ್ಬ, ಇಬ್ಬರ ಕೈಗಳ ಮೇಲೆ ಒಂದು ಟವೆಲ್. ಅದರ ಕೆಳಗೆ ಒಬ್ಬ ಇನ್ನೊಬ್ಬನ ಬೆರಳು ಹಿಡಿದು ಬೆಲೆ ಕೇಳುತ್ತಾನೆ, ಇನ್ನೊಬ್ಬ ಬೆರಳು ಮಡಚಿ ಉತ್ತರ ಕೊಡುತ್ತಾನೆ. ಸುತ್ತ ನಿಂತವರಿಗೆ ಕಾಣುವುದು ಎರಡು ಮುಖ ಮಾತ್ರ. ಆ ಮುಖಗಳು ಏನನ್ನೂ ಹೇಳುವುದಿಲ್ಲ. ಅಂಗೈಗೆ ಅಂಗೈ ಕೂಡಿಸಿ ಬಿಗಿಯಾಗಿ ಹಿಡಿದರೆ, ತಡಿ, ಮಾತು ಮುಗಿದಿಲ್ಲ ಎಂದರ್ಥ. ಸಡಿಲ ಬಿಟ್ಟು ಹೊರಗೆಳೆದುಕೊಂಡರೆ ವ್ಯವಹಾರ ಮುಗಿಯಿತು. ಕೊನೆಗೆ ಕೈ ಏನು ಹೇಳಿತೋ ಅದೇ ಮಾತು. ಅದಕ್ಕೂ ಮೊದಲು ಹೇಳಿದ್ದು ಸಂತೆಯಲ್ಲಿ ಲೆಕ್ಕಕ್ಕಿಲ್ಲ.

ಅಗಡಿಯ ಸೋಮಪ್ಪ ಈ ವಿದ್ಯೆಯಲ್ಲಿ ಹೆಸರು ಮಾಡಿದವನು. ಎದುರಿನವನ ಹೆಬ್ಬೆರಳು ಬೆವೆತದ್ದರಿಂದಲೇ ಅವನ ಮನೆಯಲ್ಲಿ ಮದುವೆಯ ಖರ್ಚಿದೆಯೋ ಮಣ್ಣಿನ ಖರ್ಚಿದೆಯೋ ಹೇಳಬಲ್ಲೆ ಎಂದು ಚಹಾದಂಗಡಿಯಲ್ಲಿ ಕೊಚ್ಚಿಕೊಳ್ಳುತ್ತಿದ್ದ. ಎಷ್ಟೋ ಸಲ ಅದು ನಿಜವೂ ಆಗುತ್ತಿತ್ತು. ಸುಳ್ಳಾದ ಸಲಗಳನ್ನು ಅವನು ನೆನಪಿಟ್ಟುಕೊಂಡಿರಲಿಲ್ಲ.

“ನಿನಗ ಕೈ ಓದಾಕ ಬರ್ತೈತಿ, ಮಾರಿ ಓದಾಕ ಬರಂಗಿಲ್ಲ,” ಎಂದು ಹೆಂಡತಿ ಹೊಳಿಯವ್ವ ಅನ್ನುತ್ತಿದ್ದಳು. ರೊಟ್ಟಿ ಬಡಿಯುತ್ತ, ಬೆನ್ನು ತಿರುಗಿಸಿಕೊಂಡೇ ಅನ್ನುತ್ತಿದ್ದಳು. ಅವನು ಅದನ್ನು ಕಿವಿಯ ಮೇಲೆ ಹಾಕಿಕೊಳ್ಳುತ್ತಿರಲಿಲ್ಲ.

ಅವನ ಜೋಡಿ ಬ್ಯಾಡಗಿಯ ಶಾಬುದ್ದೀನ. ಮೀಸೆ ಚಿಗುರಿದಾಗಿನಿಂದ ಇಬ್ಬರೂ ಟವೆಲ್ಲಿನ ಎರಡು ಬದಿಗೆ ನಿಂತವರು. ಸಂತೆಯಲ್ಲಿ ಜಗಳ, ಸಂತೆ ಹರಿದ ಮೇಲೆ ಒಂದೇ ತಟ್ಟೆಯಲ್ಲಿ ಗಿರ್ಮಿಟ್ಟು, ಮಿರ್ಚಿ. ಜಾನುವಾರು ಕಾಯ್ದೆ ಬಿಗಿಯಾದ ಮೇಲೆ ಉಳುವ ಎತ್ತು ಸಾಗಿಸುವುದಕ್ಕೂ ಗಾಡಿಯ ಮುಂದಿನ ಸೀಟಿನಲ್ಲಿ ಸೋಮಪ್ಪ ವಿಭೂತಿ ಬಳಿದುಕೊಂಡು ಕೂರಬೇಕಾಯಿತು. ರಸ್ತೆಯಲ್ಲಿ ಗಾಡಿ ತಡೆದವರು ಮೊದಲು ಹಣೆ ನೋಡುತ್ತಿದ್ದರು, ಆಮೇಲೆ ಕಾಗದ.

“ನನ್ನ ಲೈಸೆನ್ಸು ನಿನ್ನ ಹಣಿ ಮ್ಯಾಲ ಐತ್ಲೇ ಸೋಮ್ಯಾ,” ಎಂದು ಶಾಬುದ್ದೀನ ನಗುತ್ತಿದ್ದ. “ಮಳಿಯಾಗ ತೊಯ್ಸಿಕೋಬ್ಯಾಡ.”

ಶಾಬುದ್ದೀನನ ಅಣ್ಣ ಅಲ್ಲಾವುದ್ದೀನ ರಾಣೆಬೆನ್ನೂರಿನ ಒಂದು ಖಾಸಗಿ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಸತ್ತ. ಶ್ವಾಸಕೋಶ ಪೂರ್ತಿ ಕೆಟ್ಟಿತ್ತು, ಬದುಕುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಗಂಟಲಿಗೆ ಕೊಳವೆ ಇಳಿಸಿ ಉಸಿರಾಟದ ಯಂತ್ರಕ್ಕೆ ಜೋಡಿಸಿದ್ದರು. ಬೇಡ ಎನ್ನುವ ಧೈರ್ಯ ಮನೆಯವರಿಗೆ ಇರಲಿಲ್ಲ. ಎಚ್ಚರವಾದಾಗ ಕೊಳವೆ ಕಿತ್ತುಕೊಳ್ಳುತ್ತಾನೆಂದು ಎರಡೂ ಮುಂಗೈಗಳನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚದ ಕಂಬಿಗೆ ಕಟ್ಟಲಾಗಿತ್ತು. ಅವನೂ ದಲಾಲಿ. ಶಾಬುದ್ದೀನ ಒಳಗೆ ಹೋಗಿ ಆ ಕೈಗಳನ್ನು ನೋಡಿ ಹೊರಗೆ ಬಂದು ಗೋಡೆಗೆ ಒರಗಿ ನಿಂತ.

“ದನಾ ಕಟ್ಟಿದಂಗ ಕಟ್ಯಾರಲೇ,” ಎಂದ. “ನನಗ ಹಿಂಗ ಆಗೂದು ಬ್ಯಾಡ. ಏನರ ಮಾಡು, ಇದೊಂದು ಆಗಗೊಡಬ್ಯಾಡ.”

ಇದಕ್ಕೊಂದು ಕಾಗದವಿದೆ ಎಂದು ಹೇಳಿದವಳು ಹಾವೇರಿಯ ವಕೀಲೆ ಐಶ್ವರ್ಯ. ಮುಂಚಿತ ವೈದ್ಯಕೀಯ ನಿರ್ದೇಶನ. ಮಾತಾಡುವ ಸ್ಥಿತಿ ತಪ್ಪಿ, ಗುಣವಾಗುವ ಆಸೆಯೂ ಇಲ್ಲದಾಗ ಯಾವ ಚಿಕಿತ್ಸೆ ಬೇಡ ಎಂಬುದನ್ನು ಬುದ್ಧಿ ಸರಿಯಿದ್ದಾಗಲೇ ಬರೆದಿಡುವುದು. ಸುಪ್ರೀಂ ಕೋರ್ಟ್ ೨೦೧೮ರಲ್ಲಿ ಇದನ್ನು ಒಪ್ಪಿ, ೨೦೨೩ರಲ್ಲಿ ನಿಯಮ ಸಡಿಲಿಸಿದೆ; ಕರ್ನಾಟಕದ ಆರೋಗ್ಯ ಇಲಾಖೆ ೨೦೨೫ರಲ್ಲಿ ಸುತ್ತೋಲೆ ಹೊರಡಿಸಿದೆ. ಇಬ್ಬರು ಸಾಕ್ಷಿ, ನೋಟರಿಯ ಮುದ್ರೆ, ಕಾಲ ಬಂದಾಗ ಒಪ್ಪಿಗೆ ಕೊಡಬೇಕಾದವರ ಹೆಸರು. ಆಮೇಲೆ ಆಸ್ಪತ್ರೆಯ ವೈದ್ಯರ ಮಂಡಳಿ, ಅದರ ಮೇಲೆ ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ವೈದ್ಯರಿರುವ ಇನ್ನೊಂದು ಮಂಡಳಿ, ಕೊನೆಗೆ ಮ್ಯಾಜಿಸ್ಟ್ರೇಟರಿಗೆ ಒಂದು ತಿಳಿವಳಿಕೆ ಪತ್ರ.

“ನಾ ಸಾಯಾಕ ಇಷ್ಟು ಮಂದೀನ ಕೇಳಬೇಕೇನ್ರಿ?” ಎಂದ ಶಾಬುದ್ದೀನ. “ಹುಟ್ಟುವಾಗ ಯಾರನ್ನೂ ಕೇಳಿಲ್ಲ.”

ಐಶ್ವರ್ಯ ನಗಲಿಲ್ಲ. ಉಸಿರಾಟದ ಯಂತ್ರ ಬೇಡ, ಎದೆ ಒತ್ತುವುದು ಬೇಡ, ಡಯಾಲಿಸಿಸ್ ಬೇಡ ಎಂದು ಬರೆದುಕೊಂಡಳು. “ಮೂಗಿನಾಗ ನಳಿಕಿ ಹಾಕಿ ಊಟ ಕೊಡ್ತಾರಲ್ರಿ, ಅದು?”

“ಊಟಕ್ಕ ಯಾಕ ಬ್ಯಾಡ ಅನ್ನಲಿ? ಬ್ಯಾಡಗಿಯಾಂವ ಊಟ ಬ್ಯಾಡ ಅಂದ್ರ ಮೆಣಸಿನಕಾಯಿ ಪ್ಯಾಟಿ ಮುಚ್ಚತಾರ.”

ಅವಳು ಮತ್ತೊಮ್ಮೆ ಕೇಳಿದಳು. ಅವನು ಮತ್ತೊಮ್ಮೆ ನಕ್ಕ. ಅದು ಕಾಗದದಲ್ಲಿ ಬರಲಿಲ್ಲ.

ಒಪ್ಪಿಗೆ ಕೊಡುವವರೆಂದು ಹೆಂಡತಿ ಕುಲ್ಸುಮಬಿಯ ಹೆಸರು, ಸೋಮಪ್ಪನ ಹೆಸರು. ಮಗ ಮುಜಾಫರನ ಹೆಸರು ಬರೆಸಲಿಲ್ಲ. “ಅಂವ ಅಳುಬುರುಕ,” ಎಂದ ಶಾಬುದ್ದೀನ. “ಆಡು ಕೊಯ್ಯೂ ದಿನ ಊರು ಬಿಡ್ತಾನ.” ಕುಲ್ಸುಮಬಿ ಪಕ್ಕದಲ್ಲೇ ಕೂತಿದ್ದಳು. ತಲೆಯ ಸೆರಗು ಸರಿಪಡಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು: ಮನಸ್ಸು ಬದಲಾದರೆ?

“ಯಾವಾಗ ಬೇಕಾದ್ರೂ ರದ್ದು ಮಾಡಬಹುದ್ರಿ. ಆದ್ರ ಬರವಣಿಗಿಯೊಳಗ ಮಾಡಬೇಕು,” ಎಂದಳು ಐಶ್ವರ್ಯ. ಸೋಮಪ್ಪ ಇದರ ಮೊದಲರ್ಧವನ್ನು ಮಾತ್ರ ತಲೆಯಲ್ಲಿಟ್ಟುಕೊಂಡ.

ಕೋರ್ಟಿನ ಹೊರಗೆ ಬೇವಿನ ಮರದ ಕೆಳಗೆ ಶಾಬುದ್ದೀನ ಹೆಗಲ ಮೇಲಿನ ಟವೆಲ್ ತೆಗೆದು ಸೋಮಪ್ಪನ ಕೈ ಮೇಲೆ ಹಾಸಿದ. ಕೆಳಗೆ ಅಂಗೈ ಹಿಡಿದ, ಬಿಗಿದ, ಕಣ್ಣಲ್ಲಿ ಕಣ್ಣಿಟ್ಟು ನೋಡಿ ಸಡಿಲ ಬಿಟ್ಟು ಹೊರಗೆಳೆದ. ವ್ಯವಹಾರ ಮುಗಿಯಿತು. ಮಾತು ಕೊಟ್ಟದ್ದಾಯಿತು. ಕಾಗದದ ಒಂದು ಪ್ರತಿ ಬ್ಯಾಡಗಿ ಪುರಸಭೆಗೆ ಹೋಯಿತು. ಅಲ್ಲಿಯ ಗುಮಾಸ್ತ ಇದು ಜನನದ ವಿಭಾಗಕ್ಕೋ ಮರಣದ ವಿಭಾಗಕ್ಕೋ ಎಂದು ಬಹಳ ಹೊತ್ತು ಯೋಚಿಸಿ, ಮೇಜಿನ ಮೇಲೆ ಇಟ್ಟುಕೊಂಡ.

ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಶಾಬುದ್ದೀನ ರಾಣೆಬೆನ್ನೂರಿನ ಬಸ್ ನಿಲ್ದಾಣದ ಎದುರು, ಚಹಾ ಊದಿ ಕುಡಿಯುತ್ತಿದ್ದವನು, ಬಸಿಯ ಸಮೇತ ನೆಲಕ್ಕೆ ಬಿದ್ದ. ಹೃದಯ ನಿಂತಿತ್ತು. ಸೋಮಪ್ಪ ಜೊತೆಯಲ್ಲಿರಲಿಲ್ಲ, ಗೊತ್ತಿಲ್ಲದ ಜನ ಆಟೋದಲ್ಲಿ ಹಾಕಿಕೊಂಡು ಹತ್ತಿರದ ಆಸ್ಪತ್ರೆಗೆ ಒಯ್ದರು. ಅಲ್ಲಾವುದ್ದೀನ ಸತ್ತದ್ದು ಅಲ್ಲಿಯೇ. ಎದೆ ಒತ್ತಿ ಒತ್ತಿ ಹೃದಯವನ್ನು ಮತ್ತೆ ಶುರು ಮಾಡಿದರು, ಗಂಟಲಿಗೆ ಕೊಳವೆ ಇಳಿಸಿದರು. ಅಷ್ಟರಲ್ಲಿ ಮಿದುಳಿಗೆ ರಕ್ತವಿಲ್ಲದೆ ಬಹಳ ಹೊತ್ತಾಗಿತ್ತು.

ಕುಲ್ಸುಮಬಿ ಕಾಗದ ಹಿಡಿದುಕೊಂಡೇ ಬಂದಳು. ತೀವ್ರ ನಿಗಾ ಘಟಕದ ವೈದ್ಯೆ ಸುಶ್ಮಿತಾ ಅದನ್ನು ನಿಂತಲ್ಲೇ ಪೂರ್ತಿ ಓದಿದಳು.

“ಆ ಹೊತ್ತಿನಾಗ ಯಾರು ಏನು ಅಂತ ಕೇಳಾಕ ಆಗಂಗಿಲ್ಲಮ್ಮಾ. ಜೀವ ಹಿಡೀತೇವಿ. ಹಾಕಿದ್ದನ್ನ ತೆಗಿಯಾಕ ದಾರಿ ಐತಿ, ಇವರು ಬರೆಸ್ಯಾರ. ಸ್ವಲ್ಪ ದಿನ ಬೇಕು. ಮಿದುಳು ಏನರ ಮಾಡ್ತೈತೇನು ನೋಡೂಣು.”

ಮಿದುಳು ಏನೂ ಮಾಡಲಿಲ್ಲ. ಕಾಯಬೇಕಾದಷ್ಟು ಕಾದರು, ಸ್ಕ್ಯಾನ್ ಮಾಡಿದರು, ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆದರು. ಆಸ್ಪತ್ರೆಯ ಮಂಡಳಿ ಕೂತಿತು: ಪ್ರಜ್ಞೆ ಮರಳುವ ಸಾಧ್ಯತೆ ಇಲ್ಲ. ಹಾವೇರಿಯಿಂದ ವೈದ್ಯರು ಬಂದು ಎರಡನೇ ಮಂಡಳಿಯೂ ಕೂತಿತು: ಇಲ್ಲ. ಉಳಿದದ್ದು ಎರಡು ಸಹಿ. ಕುಲ್ಸುಮಬಿ ಉರ್ದುವಿನಲ್ಲಿ ತನ್ನ ಹೆಸರು ಬರೆದಳು. ಅವಳ ಕೈ ನಡುಗಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಗಂಡನ ಕಡೆಯ ನೆಂಟರು ಅದನ್ನು ಗಮನಿಸಿದರು.

“ಅವರು ಬರೆಸಿದ್ದು ನನ್ನ ಮುಂದ,” ಎಂದಳು ಸೋಮಪ್ಪನಿಗೆ. “ನಾ ಬ್ಯಾಡ ಅಂದ್ರ ಅವರ ಮಾತಿಗೆ ಬೆಲಿ ಏನುಳೀತು ಅಣ್ಣಾರ? ಹೋಗ್ರಿ, ಒಮ್ಮಿ ಮಾರಿ ನೋಡಿ ಬಂದು ಸಹಿ ಮಾಡ್ರಿ.”

ಸೋಮಪ್ಪ ಮುಖ ನೋಡಲಿಲ್ಲ. ಮುಖದ ತುಂಬ ಕೊಳವೆ ಮತ್ತು ಅಂಟುಪಟ್ಟಿ; ಅದು ಶಾಬುದ್ದೀನನ ಮುಖದಂತೆ ಇರಲೂ ಇಲ್ಲ. ಹಸಿರು ಹೊದಿಕೆಯ ಕೆಳಗೆ ಒಂದು ಕೈ ಇತ್ತು. ಅದನ್ನು ಕಟ್ಟಿರಲಿಲ್ಲ, ಕಟ್ಟುವ ಅಗತ್ಯವೇ ಇರಲಿಲ್ಲ. ಆಯುಷ್ಯವೆಲ್ಲ ಮಾಡಿದ ಅಭ್ಯಾಸ: ಅವನ ಬಲಗೈ ತಾನಾಗಿ ಹೊದಿಕೆಯ ಕೆಳಗೆ ಹೋಯಿತು. ಶಾಬುದ್ದೀನನ ಅಂಗೈಗೆ ಅವನ ಅಂಗೈ ತಾಗಿತು.

ಕೈ ಹಿಡಿಯಿತು.

ಹೆಬ್ಬೆರಳು ಮೇಲೆ ಬಂತು, ನಾಲ್ಕೂ ಬೆರಳು ಸುತ್ತಿಕೊಂಡವು. ಸೋಮಪ್ಪ ಎಳೆದ. ಇನ್ನೂ ಬಿಗಿಯಾಯಿತು. ತಡಿ. ಮಾತು ಮುಗಿದಿಲ್ಲ.

“ಭಾಬೀ!” ಎಂದು ಅವನು ಕೂಗಿದ್ದಕ್ಕೆ ಪಕ್ಕದ ಮಂಚದ ನರ್ಸು ಬೆಚ್ಚಿ ತಿರುಗಿದಳು. “ಭಾಬೀ, ಬರ್ರಿ ಇಲ್ಲಿ! ತಡಿ ಅಂತಾನ! ಒಲ್ಲೆ ಅಂತಾನ ಶಾಬ್ಯಾ!”

ಕುಲ್ಸುಮಬಿ ಬಂದಳು, ಹಿಂದೆಯೇ ಮುಜಾಫರ, ಅವರ ಹಿಂದೆ ವೈದ್ಯೆ. ಸುಶ್ಮಿತಾ ಹೊದಿಕೆ ಸರಿಸಿ ನೋಡಿದಳು. ಅವಳಿಗೆ ಆಶ್ಚರ್ಯವಾಗಲಿಲ್ಲ.

“ಇದಕ್ಕ ಹಿಡಿತದ ಪ್ರತಿಕ್ರಿಯೆ ಅಂತಾರ್ರಿ. ಹಸುಗೂಸಿನ ಅಂಗೈಯಾಗ ಬೆರಳಿಟ್ರ ಹಿಡೀತೈತಲ್ಲ? ಅದು ವಿಚಾರ ಮಾಡಿ ಹಿಡಿಯಂಗಿಲ್ಲ. ಮಿದುಳಿನ ಮುಂದಿನ ಭಾಗ ಕೆಟ್ಟಾಗ ದೊಡ್ಡವರಿಗೂ ಅದು ತಿರುಗಿ ಬರ್ತೈತಿ. ಅವರು ನಿಮಗ ಏನೂ ಹೇಳಾಕತ್ತಿಲ್ಲ.”

“ಡಾಕ್ಟರ್ರ, ನೀವು ಕಲ್ತವರು. ಆದ್ರ ಈ ಕೈ ನಿಮಗ ಗೊತ್ತಿಲ್ಲ. ನಾ ಈ ಕೈ ಜೋಡಿ ಇಡೀ ಜಲ್ಮ ಮಾತಾಡೇನಿ.”

“ಬ್ಯಾರೆ ಏನು ಇಟ್ರೂ ಹಿಡೀತಾರ.” ಅವಳು ಜೇಬಿನಿಂದ ಪೆನ್ನು ತೆಗೆದಳು. “ನೋಡ್ರಿ, ಇದನ್ನ ಇಡ್ತೇನಿ.”

ಸೋಮಪ್ಪ ಎಡಗೈಯಿಂದ ಆ ಪೆನ್ನನ್ನು ಅತ್ತ ತಳ್ಳಿದ. “ಇಡಬ್ಯಾಡ್ರಿ! ಅದು ಮನುಷಾನ ಕೈ, ಆಟಿಗಿ ಸಾಮಾನು ಅಲ್ಲ. ಅವನ ಕೈಯಾಗ ಪೆನ್ನಿಟ್ಟು ನನ್ನ ಮಳ್ಳ ಮಾಡಬ್ಯಾಡ್ರಿ.”

ಪೆನ್ನು ಕೆಳಗೆ ಬಿದ್ದು ಮಂಚದ ಅಡಿಗೆ ಉರುಳಿತು. ಅದು ಎಲ್ಲಿ ಹೋಯಿತೆಂದು ನೋಡಿದವಳು ಕುಲ್ಸುಮಬಿ ಒಬ್ಬಳೇ. ಬಗ್ಗಿ ಎತ್ತಿಕೊಳ್ಳಬೇಕೆಂದು ಅವಳು ಅರ್ಧ ಬಾಗಿದ್ದಳು ಕೂಡ. ಅಷ್ಟರಲ್ಲಿ ಮುಜಾಫರ ಸೋಮಪ್ಪನ ಕಾಲು ಹಿಡಿದು, “ಕಾಕಾ, ನಮ್ಮಪ್ಪನ್ನ ಉಳಿಸಿದ್ರಿ ಕಾಕಾ,” ಎಂದು ನೆಲಕ್ಕೆ ಹಣೆ ಹಚ್ಚಿ ಅಳತೊಡಗಿದ. ನೆಂಟರು ಬಾಗಿಲಿಗೆ ಬಂದರು. ಕೈ ಹಿಡಿದದ್ದನ್ನು ಎಲ್ಲರೂ ಕಣ್ಣಾರೆ ಕಂಡರು.

“ವಕೀಲಮ್ಮ ಹೇಳ್ಯಾಳ,” ಎಂದ ಸೋಮಪ್ಪ. “ಯಾವಾಗ ಬೇಕಾದ್ರೂ ಮನಸ್ಸು ಬದಲಿಸಬಹುದು. ಬದಲಿಸ್ಯಾನ. ನಾ ಸಹಿ ಮಾಡಂಗಿಲ್ಲ.”

ಹೆಸರು ಬರೆಸಿದ ಇಬ್ಬರಲ್ಲಿ ಒಬ್ಬ ಒಪ್ಪದಿದ್ದರೆ ಆಸ್ಪತ್ರೆ ಮುಂದುವರಿಯುವಂತಿರಲಿಲ್ಲ. ಮ್ಯಾಜಿಸ್ಟ್ರೇಟರಿಗೆ ಹೋಗಬೇಕಿದ್ದ ಪತ್ರ ಹೋಗಲಿಲ್ಲ. ಸುಶ್ಮಿತಾ ಮರುದಿನವೂ ಅವನನ್ನು ಕೂರಿಸಿಕೊಂಡು ಹೇಳಿದಳು, ಅದರ ಮರುದಿನವೂ ಹೇಳಿದಳು. “ಈಗ ತೆಗದ್ರ ಅವರು ಬರೆಸಿದಂಗ ಹೋಗ್ತಾರ. ತಡಾ ಮಾಡಿದ್ರ ತಾವಾಗಿ ಉಸರಾಡಾಕ ಹತ್ತಬಹುದು. ಆಮ್ಯಾಲ ತೆಗಿಯಾಕ ಏನೂ ಉಳಿಯಂಗಿಲ್ಲ. ತಿಳೀತೇನ್ರಿ?” ತಾನಾಗಿ ಉಸಿರಾಡಬಹುದು ಎಂಬುದೊಂದೇ ಸೋಮಪ್ಪನಿಗೆ ಕೇಳಿಸಿತು. ಅದನ್ನು ಹೊರಗೆ ಬಂದು ಶುಭ ಸುದ್ದಿಯೆಂದು ಹೇಳಿದ.

ಮತ್ತು ಅವಳು ಹೇಳಿದ ಹಾಗೆಯೇ ಆಯಿತು. ಗಂಟಲಿಗೆ ರಂಧ್ರ ಕೊರೆದು ಬೇರೆ ಕೊಳವೆ ಕೂಡಿಸಿದರು, ಯಂತ್ರವನ್ನು ದಿನಕ್ಕಿಷ್ಟರಂತೆ ಕಡಿಮೆ ಮಾಡಿದರು. ಶಾಬುದ್ದೀನ ಉಸಿರಾಡಿದ. ಕಣ್ಣು ತೆರೆದ. ತೆರೆದ ಕಣ್ಣು ಯಾರನ್ನೂ ನೋಡಲಿಲ್ಲ. ಮೂಗಿನ ನಳಿಕೆ, ಗಂಟಲ ಕೊಳವೆ, ಮೂತ್ರದ ಚೀಲದ ಸಮೇತ ಅವನನ್ನು ಬ್ಯಾಡಗಿಯ ಮನೆಗೆ ತಂದು ಪಡಸಾಲೆಯಲ್ಲಿ ಮಲಗಿಸಿದರು.

ಹಾವೇರಿಯ ಸಂತೆಯಲ್ಲಿ ಸೋಮಪ್ಪನ ಬೆಲೆ ಏರಿತು. ಸತ್ತವನ ಕೈ ಓದಿ ದೋಸ್ತನನ್ನು ಯಮನ ಬಾಯಿಂದ ಎಳೆದುಕೊಂಡು ಬಂದವನು ಎಂದು ಕರ್ಜಗಿಯಿಂದ ಹೊಸರಿತ್ತಿವರೆಗೆ ಮಾತಾಯಿತು. ತಮ್ಮ ಎತ್ತನ್ನು ಅವನ ಕೈಯಿಂದಲೇ ಮಾರಿಸಬೇಕೆಂದು ಜನ ಕಾದು ನಿಂತರು. ಕಥೆಯನ್ನು ಅವನು ಚೆನ್ನಾಗಿ ಹೇಳುತ್ತಿದ್ದ. ಡಾಕ್ಟರ ಪೆನ್ನು ನೆಲಕ್ಕೆ ಬೀಳುವ ಭಾಗಕ್ಕೆ ಬಂದಾಗ ಕೇಳುವವರು ತೊಡೆ ತಟ್ಟಿ ನಗುತ್ತಿದ್ದರು.

ಆ ಕಥೆಯಲ್ಲಿ ಕುಲ್ಸುಮಬಿಗೂ ಒಂದು ಜಾಗವಿತ್ತು. ಅದನ್ನು ಸೋಮಪ್ಪ ಹೇಳುತ್ತಿರಲಿಲ್ಲ, ಬ್ಯಾಡಗಿಯವರೇ ಸೇರಿಸಿಕೊಂಡಿದ್ದರು. ಹೆಂಡತಿ ಸಾಯಲಿ ಎಂದು ಸಹಿ ಮಾಡಿದಳು, ದೋಸ್ತ ಉಳಿಸಿದ. ಓಣಿಯ ನಳದ ಹತ್ತಿರ ಅವಳು ಕೊಡ ಇಟ್ಟರೆ ಮಾತು ನಿಲ್ಲುತ್ತಿತ್ತು. ಗಂಡನ ತಂಗಿ ನೋಡಲು ಬಂದವಳು ಅಣ್ಣನ ಪಕ್ಕದಲ್ಲಿ ಕೂತು, “ಭಾಬಿಗೆ ಬಹಾಳ ಅವಸರ ಆಗಿತ್ತವ್ವಾ,” ಎಂದು ಗೋಡೆಗೆ ಹೇಳಿ ಹೋದಳು. ಮುಜಾಫರ ತಾಯಿಯ ಕೈಯ ಚಹಾ ಕುಡಿಯುತ್ತಿದ್ದ, ಮುಖ ನೋಡುತ್ತಿರಲಿಲ್ಲ.

ಅವಳು ಹೊತ್ತುಹೊತ್ತಿಗೆ ಸಣ್ಣ ಯಂತ್ರ ಹಚ್ಚಿ ಗಂಡನ ಗಂಟಲಿನ ಕಫ ಎಳೆದಳು. ನಳಿಕೆಗೆ ಗಂಜಿ ಸುರಿದಳು. ಮಗ್ಗಲು ಬದಲಿಸಿದಳು, ಎಷ್ಟು ಬದಲಿಸಿದರೂ ಬೆನ್ನ ಕೆಳಗೆ ಹುಣ್ಣಾಯಿತು. ಮಕರ ಸಂಕ್ರಾಂತಿ ಕಳೆದ ಮೇಲೆ ಮೆಣಸಿನಕಾಯಿಯ ಸುಗ್ಗಿ ಬಂತು. ಆ ದಿನಗಳಲ್ಲಿ ಬ್ಯಾಡಗಿಯ ಗಾಳಿಯೇ ಖಾರ. ಪೇಟೆಗೆ ಹೊಸದಾಗಿ ಬಂದವರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಓಡಾಡುತ್ತಾರೆ. ಶಾಬುದ್ದೀನನ ಗಂಟಲಿಗೆ ಮೂಗೇ ಇರಲಿಲ್ಲ, ಬರೀ ತೂತು. ಘಾಟು ನೇರ ಇಳಿಯುತ್ತಿತ್ತು. ಕೆಮ್ಮಿಗೆ ದನಿ ಇರಲಿಲ್ಲ. ಮೈ ಮಂಚದಿಂದ ಎಗರುತ್ತಿತ್ತು, ಕಣ್ಣಿಂದ ನೀರು ಸುರಿಯುತ್ತಿತ್ತು. “ಅಳ್ತಾನ ಪಾಪ, ಎಲ್ಲಾ ತಿಳೀತೈತಿ ಅವಗ,” ಎನ್ನುತ್ತಿದ್ದರು ನೋಡಲು ಬಂದವರು. ಅವಳು ತೂತಿನ ಮೇಲೆ ಒದ್ದೆ ಬಟ್ಟೆ ಹಿಡಿದು ಕೂರುತ್ತಿದ್ದಳು.

ಪ್ರತಿ ಗುರುವಾರ ಸಂತೆ ಮುಗಿಸಿ ಸೋಮಪ್ಪ ಬರುತ್ತಿದ್ದ. ಟವೆಲ್ ಹಾಸಿ ಕೈ ಕೊಡುತ್ತಿದ್ದ. ಕುಲ್ಸುಮಬಿ ಬಾಗಿಲಿಗೆ ಒರಗಿ ನಿಂತು ಕೇಳುತ್ತಿದ್ದಳು.

“ಏನಂತಾರ್ರಿ ಅಣ್ಣಾರ?”

“ತಡಿ ಅಂತಾನ ಭಾಬಿ. ಗಟ್ಟಿ ಅದಾನ.”

ಕೊನೆಗೆ ಅವಳೇ ಬಂದು ಗಂಡನ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಳು. ಪೇಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸಿ ದುಡಿದ ಬೆರಳು ಅವಳವು. ಎಲ್ಲಿ ಒತ್ತಿದರೆ ಬಿಡುತ್ತದೆ ಎಂದು ಬಲ್ಲವು.

ಸುಗ್ಗಿ ಇಳಿಯುತ್ತಿದ್ದ ಒಂದು ಗುರುವಾರ ಆಕೆ ಒಳಗೆ ಗಂಜಿ ಕಾಯಿಸುತ್ತಿದ್ದಾಗ ಸೋಮಪ್ಪ ತಾನೇ ಕೈ ಬಿಡಿಸಿಕೊಂಡ. ಟವೆಲ್ ತೆಗೆದುಕೊಳ್ಳಲು ಹೋದರೆ ಬರಲಿಲ್ಲ. ಅದರ ತುದಿ ಶಾಬುದ್ದೀನನ ಮುಷ್ಟಿಯಲ್ಲಿತ್ತು. ಎಳೆದ. ಮುಷ್ಟಿ ಬಿಗಿಯಿತು. ಇನ್ನೂ ಎಳೆದ, ಇನ್ನೂ ಬಿಗಿಯಿತು.

ಅವನು ಸುತ್ತ ನೋಡಿದ. ಯಾರೂ ಇರಲಿಲ್ಲ. ಟವೆಲ್ ಬಿಡಿಸಿ, ಕಂಕುಳಲ್ಲಿದ್ದ ಬಾರುಕೋಲಿನ ಹಿಡಿಯನ್ನು ಆ ಅಂಗೈಗೆ ತಾಗಿಸಿದ. ಹೆಬ್ಬೆರಳು ಮೇಲೆ ಬಂತು, ನಾಲ್ಕೂ ಬೆರಳು ಸುತ್ತಿಕೊಂಡವು. ಮೊದಲ ದಿನ ತನ್ನ ಕೈಯನ್ನು ಹಿಡಿದ ಹಾಗೆಯೇ, ಅದೇ ಬಿಗಿ, ಅದೇ ಕ್ರಮ. ದನ ಬಡಿಯುವ ಕೋಲಿಗೂ ಅದು ತಡಿ ಎಂದೇ ಹೇಳುತ್ತಿತ್ತು.

“ಏನಂತಾರ್ರಿ ಅಣ್ಣಾರ?” ಒಳಗಿನಿಂದ ಕುಲ್ಸುಮಬಿ ಕೇಳಿದಳು.

ಅವನು ಕೋಲನ್ನು ಕಿತ್ತುಕೊಂಡ. “ತಡಿ ಅಂತಾನ ಭಾಬಿ,” ಎಂದ.

ಮರುದಿನ ರಾಣೆಬೆನ್ನೂರಿಗೆ ಹೋಗಿ ಸುಶ್ಮಿತಾಳ ಮುಂದೆ ಕೂತ. “ನಾ ಸಹಿ ಮಾಡ್ತೇನ್ರಿ ಡಾಕ್ಟರ್ರ.”

“ಯಾತಕ್ರಿ?”

“ಆವತ್ತಿಂದು. ಯಂತ್ರ ತೆಗಿಯಾಕ.”

“ಯಂತ್ರ ಎಲ್ಲೈತ್ರಿ ಈಗ?” ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಸಮಾಧಾನವೂ ಇರಲಿಲ್ಲ. “ಅವರ ಹೃದಯ ಬಡೀತೈತಿ, ಉಸರು ಆಡ್ತೈತಿ. ಗಂಟಲಿನ ಕೊಳವಿ ಬರೇ ಹಾದಿ. ಉಳದದ್ದು ಊಟದ ನಳಿಕಿ. ಅದನ್ನ ಅವರು ಕಾಗದದಾಗ ಬರೆಸಿಲ್ಲ.”

“ನಕ್ಕಿದ್ದ,” ಎಂದ ಸೋಮಪ್ಪ.

“ಏನ್ರಿ?”

“ಏನಿಲ್ರಿ. ಹಿಂಗ ಎಷ್ಟು ದಿನಾ ಇರ್ತಾನ?”

“ಹೇಳಾಕ ಬರಂಗಿಲ್ಲ. ತಿಂಗಳು ಅನ್ರಿ, ವರ್ಷ ಅನ್ರಿ. ಆ ಅಮ್ಮ ಭಾಳ ಚಲೋ ನೋಡ್ಕೋತಾರ. ಚಲೋ ನೋಡ್ಕೊಂಡಷ್ಟು ಹೆಚ್ಚಿಗಿ ದಿನಾ.” ಮುಂದಿನ ರೋಗಿಯನ್ನು ಕರೆಯಲು ಗಂಟೆ ಒತ್ತಹೋದವಳು ಕೈ ತಡೆದು ಕೇಳಿದಳು: “ಆವತ್ತು ಪೆನ್ನಿಡಾಕ ಯಾಕ ಬಿಡಲಿಲ್ರಿ?”

ಉತ್ತರ ಸೋಮಪ್ಪನಿಗೆ ಗೊತ್ತಿತ್ತು. ಪೆನ್ನು ಇಟ್ಟಿದ್ದರೆ ಆ ಕೈ ಹಿಡಿದರೂ ಹಿಡಿದೀತು ಎಂಬ ಅಂಜಿಕೆ ಅವನಿಗೆ ಆ ಹೊತ್ತಿನಲ್ಲೇ ಇತ್ತು. ಕೈ ಓದುವ ಸೋಮಪ್ಪ ಮಂದಿಯೆದುರು ಮಳ್ಳನಾಗುವುದಕ್ಕಿಂತ ಶಾಬ್ಯಾ ಬದುಕುವುದು ಲೇಸು ಎನಿಸಿತ್ತು. ಅವನು ನಮಸ್ಕಾರ ಮಾಡಿ ಎದ್ದು ಬಂದ.

ಆ ವಾರವೆಲ್ಲ ಮನೆಯಲ್ಲಿ ರೊಟ್ಟಿ ಮುರಿದಿಟ್ಟು ಏಳುತ್ತಿದ್ದ. ಹೊಳಿಯವ್ವ ಒಮ್ಮೆಗೇ ತಿರುಗಿ ಕೂತು, “ಆಕಿ ಮುಂದ ಹೇಳು,” ಎಂದಳು. ಏನನ್ನು ಎಂದಾಗಲಿ, ಇವಳಿಗೆ ಹೇಗೆ ಗೊತ್ತಾಯಿತು ಎಂದಾಗಲಿ ಅವನು ಕೇಳಲಿಲ್ಲ.

ಗುರುವಾರ ಬ್ಯಾಡಗಿಗೆ ಹೋದವನು ಟವೆಲ್ ಹಾಸಲಿಲ್ಲ. ಮಂಚದ ಪಕ್ಕ ನೆಲದ ಮೇಲೆ ಕೂತ. ಕುಲ್ಸುಮಬಿ ಗಂಡನ ಉಗುರು ಕತ್ತರಿಸುತ್ತಿದ್ದಳು. ಮುಜಾಫರ ಅಂಗಡಿಗೆ ಹೋಗಿದ್ದ.

“ಭಾಬಿ, ಒಂದು ಮಾತು. ಶಾಬ್ಯಾ ಏನೂ ಅನ್ನಾಕತ್ತಿಲ್ಲ. ಆವತ್ತೂ ಅಂದಿಲ್ಲ. ಡಾಕ್ಟರಮ್ಮ ಹೇಳಿದ್ದು ಖರೇ. ನಾ ಬಾರುಕೋಲು ಕೊಟ್ಟು ನೋಡಿದೆ, ಹಿಡದ.”

ಕತ್ತರಿ ನಿಲ್ಲಲಿಲ್ಲ. “ನಾ ಲಟ್ಟಣಿಗಿ ಕೊಟ್ಟು ನೋಡೀನ್ರಿ,” ಎಂದಳು ಆಕೆ. “ದವಾಖಾನಿಯಿಂದ ತಂದ ಮರುದಿನಾನ. ಅದನ್ನೂ ಹಿಡದ್ರು. ಚಪಲಿ ಕೊಟ್ರೂ ಹಿಡೀತಾರ.”

ಸೋಮಪ್ಪ ಅವಳ ಕೈಯ ಕತ್ತರಿಯನ್ನೇ ನೋಡಿದ. “ಯಾರ ಮುಂದೂ ಹೇಳ್ಲಿಲ್ಲ ನೀವು?”

“ಯಾರ ಮುಂದ ಹೇಳ್ಲಿ? ನಿಮ್ಮ ಕೈ ಜಿಲ್ಲಾಕ್ಕೆಲ್ಲಾ ಗೊತ್ತು. ನನ್ನ ಲಟ್ಟಣಿಗಿ ಯಾರು ನಂಬ್ತಾರ? ಸಹಿ ಮಾಡಿದಾಕಿ ನಾನು. ಮತ್ತೊಮ್ಮಿ ಕೊಲ್ಲಾಕ ಹೊಂಟಾಳ ಅಂತಿದ್ರು.”

“ಮತ್ತ ಪ್ರತಿ ವಾರ ಏನಂತಾರ ಏನಂತಾರ ಅಂತ ನನ್ನ ಯಾಕ ಕೇಳ್ತಿದ್ರಿ?”

ಆಗ ಅವಳು ತಲೆ ಎತ್ತಿದಳು. ಸೋಮಪ್ಪ ಅವಳ ಮುಖವನ್ನು ನಿಜವಾಗಿ ನೋಡಿದ್ದು ಅಂದೇ ಮೊದಲು. ಅದರಲ್ಲಿ ಓದುವುದಕ್ಕೆ ವಿದ್ಯೆಯೇನೂ ಬೇಕಾಗಿರಲಿಲ್ಲ.

“ನೀವು ಹೇಳೂದು ಕೇಳಾಕ ಚಲೋ ಅನಸ್ತಿತ್ರಿ,” ಎಂದಳು. “ಮದ್ಲ ತಿಳೀಲಾರದ ಹೇಳ್ತಿದ್ರಿ. ಹೋದ ವಾರ ತಿಳದು ಹೇಳಿದ್ರಿ. ಒಳಗ ನಿಂತು ಕಿಡಕ್ಯಾಗ ನೋಡೀನಿ ನಾ, ಬಾರುಕೋಲು.”

“ಊರ ಮುಂದ ಹೇಳ್ತೇನಿ ಭಾಬಿ. ಜಮಾತಿನವರ ಮುಂದ ಹೇಳ್ತೇನಿ, ಸಂತ್ಯಾಗ ಹೇಳ್ತೇನಿ. ನೀವು ಮಾಡಿದ್ದು ಬರೋಬ್ಬರಿ ಇತ್ತು, ನಂದ ತಪ್ಪು ಅಂತ...”

“ಹೇಳಬ್ಯಾಡ್ರಿ.” ಉಗುರಿನ ಚೂರುಗಳನ್ನು ಅಂಗೈಗೆ ಒಟ್ಟಿಕೊಂಡಳು. “ಹೇಳಿದ್ರ ನಿಮಗ ಹಗುರ ಆಕ್ಕೈತಿ. ನನಗೇನಾಕ್ಕೈತಿ? ನಾಳಿಂದ ಮಗ್ಗಲಾ ತಿರುವೂದು ತಪ್ಪತೈತೇನು? ಇವರು ಇರೂತನಕ ನಾ ಇಲ್ಲೇ ಇರಬೇಕು. ನೀವೂ ಬರ್ರಿ. ಪ್ರತಿ ಗುರುವಾರ ಬರ್ರಿ, ಕೈ ಇಡ್ರಿ. ನಾ ಕೇಳ್ತೇನಿ, ನೀವು ಹೇಳ್ರಿ. ಅವರು ನಿಮ್ಮ ಜೋಡಿ ವ್ಯವಹಾರ ಮಾಡಿದ್ರಲ್ಲ? ಅದನ್ನ ಮುರದದ್ದರ ಬೆಲಿ ಇದು.”

ಹೊರಗೆ ಚಪ್ಪಲಿ ಬಿಡುವ ಸದ್ದಾಯಿತು. ಮುಜಾಫರ ಬಂದ, ಜೊತೆಗೆ ಸೋಮಪ್ಪನ ಹೆಸರು ಕೇಳಿ ನೋಡಲು ಬಂದ ಓಣಿಯ ಇಬ್ಬರು ಹಿರಿಯರು. ಅವರು ಗೋಡೆಗುಂಟ ಕೂತರು, ಮಂಚದ ಕಡೆ ಕತ್ತು ಚಾಚಿದರು. ಕುಲ್ಸುಮಬಿ ಎದ್ದು ಸೆರಗು ಸರಿಮಾಡಿಕೊಂಡು ಬಾಗಿಲಿಗೆ ಒರಗಿ ನಿಂತಳು. ಎಂದಿನ ಜಾಗ, ಎಂದಿನ ದನಿ.

“ಇವತ್ತ ಏನಂತಾರ್ರಿ ಅಣ್ಣಾರ?”

ಸೋಮಪ್ಪ ಮುಜಾಫರನನ್ನು ನೋಡಿದ, ಹಿರಿಯರನ್ನು ನೋಡಿದ. ಹೆಗಲ ಮೇಲಿನ ಟವೆಲ್ ತೆಗೆದು ಹಾಸಿದ. ಕೆಳಗೆ ಕೈ ಸರಿಸಿದ. ಉಗುರು ಕತ್ತರಿಸಿದ ಬೆರಳುಗಳು ನುಣ್ಣಗಿದ್ದವು. ಹೆಬ್ಬೆರಳು ಮೇಲೆ ಬಂತು.

“ತಡಿ ಅಂತಾನ ಭಾಬಿ,” ಎಂದ.

“ಸುಭಾನಲ್ಲಾ,” ಎಂದರು ಹಿರಿಯರಲ್ಲೊಬ್ಬರು.

ಸೋಮಪ್ಪ ಕಾದ. ಅವಳು ಬಂದು ಬೆರಳು ಬಿಡಿಸುವ ಹೊತ್ತು ಅದು. ಕುಲ್ಸುಮಬಿ ಅವನ ಕೈಯ ಮೇಲಿನ ಟವೆಲ್ಲನ್ನು ಒಮ್ಮೆ ನೋಡಿ, “ಒಲಿ ಮ್ಯಾಲ ಗಂಜಿ ಐತ್ರಿ,” ಎಂದು ಒಳಗೆ ಹೋದಳು.

ಎಡಗೈಯಿಂದ ಬಿಡಿಸಿಕೊಳ್ಳಬಹುದಿತ್ತು. ಆದರೆ ತಡಿ ಎಂದ ಕೈಯನ್ನು ದಲಾಲಿ ತಾನಾಗಿ ಬಿಡಿಸಿಕೊಳ್ಳುವಂತಿಲ್ಲ, ಮತ್ತು ಮೂವರೂ ನೋಡುತ್ತ ಕೂತಿದ್ದರು. ಗಂಟಲ ತೂತಿನಿಂದ ಕಫ ಗೊರಗುಟ್ಟಿತು. ಒಳಗೆ ಗಂಜಿಯ ಪಾತ್ರೆಗೆ ಸೌಟು ತಾಗುವ ಸದ್ದು ಆತುರವಿಲ್ಲದೆ, ಒಂದೇ ಸಮ ಬರುತ್ತಿತ್ತು.